ಡೈಮಂಡು, ಇದ್ದಿಲು ಮತ್ತು ನಮ್ಮ ಭಾವ

ಅರಸೀಕೆರೆಯ ನಮ್ಮ ಭಾವನಿಗೆ ಕಾರ್ಬನ್ ಅಂದರೆ ನಲವತ್ತು ವರ್ಷ ಒಂದೇ ಅರ್ಥ ಇತ್ತು. ಕೊಬ್ಬರಿ ಮಂಡಿಯ ಬಿಲ್ ಬುಕ್ಕಿನಲ್ಲಿ ಎರಡು ಹಾಳೆಗಳ ನಡುವೆ ಇಡುವ ಕಪ್ಪು ಕಾಗದ. ಮೇಲೆ ಬರೆದದ್ದು ಕೆಳಗೂ ಮೂಡಬೇಕು, ಅಷ್ಟೇ. ಹೋದ ತಿಂಗಳು ಅವರಿಗೆ ಕಾರ್ಬನ್ನು ಕ್ಯಾನ್ಸರನ್ನೂ ಓಡಿಸುತ್ತದೆ ಅಂತ ಗೊತ್ತಾಯಿತು. ಗೊತ್ತಾದದ್ದು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ, ಕೊರಳಿಗೆ ಹಾಕುವ 'ನ್ಯಾನೋ ಕಾರ್ಬನ್' ಪದಕ ಮಾರುವವರ ಸಭೆಯಲ್ಲಿ, ಉಪ್ಪಿಟ್ಟು ಕೇಸರಿಬಾತಿನ ಜೊತೆ.

ನನ್ನನ್ನೂ ಎಳೆದುಕೊಂಡು ಹೋಗಿದ್ದರು. "ನೀನು ಸೈನ್ಸು ಓದಿದೋನು, ಬಾರಯ್ಯ. ಕೇಳ್ಕೊಂಡು ಆಮೇಲೆ ನಂಗೆ ಬಿಡಿಸಿ ಹೇಳು" ಅಂದರು. ಉಪ್ಪಿಟ್ಟು ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಬಾಗಿಲಲ್ಲಿ ಹಿಂದಿನ ದಿನದ ಮದುವೆಯ ಬಾಳೆಕಂಬ ಬಾಡಿಕೊಂಡು ನಿಂತಿತ್ತು. ಒಳಗೆ ಗಂಡು ಹೆಣ್ಣು ಕೂರುವ ಕುರ್ಚಿಗಳಲ್ಲಿ ಕೋಟು ಟೈ ಹಾಕಿದ ಇಬ್ಬರು ಕೂತಿದ್ದರು. ಒಬ್ಬರು 'ಗೋಲ್ಡ್', ಇನ್ನೊಬ್ಬರು 'ಡೈಮಂಡ್'. ಅದು ಹೆಸರಲ್ಲ, ಅಂತಸ್ತು. ನೀವು ಪದಕ ಕೊಂಡು ಎಡಗಡೆ ಮೂವರನ್ನು, ಬಲಗಡೆ ಮೂವರನ್ನು ಸೇರಿಸಬೇಕು. ಅವರು ತಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸಬೇಕು. ಭಾವನ ಬಿಲ್ ಬುಕ್ಕಿನ ಲೆಕ್ಕವೇ: ಮೇಲಿನವನು ಒತ್ತಿದ್ದು ಕೆಳಗಿನವನ ಮೇಲೂ ಮೂಡಬೇಕು. ಡೈಮಂಡು ಅಂದರೂ ಕಾರ್ಬನ್ನೇ, ಇದ್ದಿಲಿನ ಅಣ್ಣ. ಆ ದಿನ ವೇದಿಕೆ ಮೇಲೆ ಇದ್ದ ವಿಜ್ಞಾನ ಇದೊಂದೇ. ಅದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಡೈಮಂಡ್ ಸಾಹೇಬರು ಎದ್ದು ಮೈಕು ಹಿಡಿದರು. "ನ್ಯಾನೋ ಅಂದ್ರೆ ಏನು, ಯಾರಿಗಾದ್ರೂ ಗೊತ್ತಾ?"

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಟಾಟಾ ಕಾರು ಸಾರ್" ಅಂದ.

"ಕಾರಲ್ಲ ಅಣ್ಣ, ಶಕ್ತಿ! ನ್ಯಾನೋ ಅಂದ್ರೆ ಶಕ್ತಿ!"

ಚಪ್ಪಾಳೆಯೋ ಚಪ್ಪಾಳೆ. ನನಗೆ ಆ ಹುಡುಗನ ಉತ್ತರವೇ ವಾಸಿ ಅನ್ನಿಸಿತು. ನ್ಯಾನೋ ಅನ್ನುವುದು ಅಳತೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ಆಗುತ್ತದೆ. ನ್ಯಾನೋ ಶಕ್ತಿ ಅನ್ನುವುದು, 'ನನಗೆ ನಿನ್ನೆಯಿಂದ ಎರಡು ಗೇಣು ಜ್ವರ' ಅಂದ ಹಾಗೆ.

ಆಮೇಲೆ ಪರದೆ ಮೇಲೆ ವಿದೇಶಿ ವಿಜ್ಞಾನಿಗಳ ಫೋಟೋ ಬಂದವು. 1985ರಲ್ಲಿ ಫುಟ್‌ಬಾಲ್ ಆಕಾರದ ಕಾರ್ಬನ್ ಅಣುವನ್ನು ಕಂಡುಹಿಡಿದು 1996ರಲ್ಲಿ ನೊಬೆಲ್ ಪಡೆದ ಕ್ರೋಟೊ, ಕರ್ಲ್, ಸ್ಮಾಲಿ. 1991ರಲ್ಲಿ ಕಾರ್ಬನ್ನಿನ ನ್ಯಾನೋ ಕೊಳವೆಗಳನ್ನು ವಿವರಿಸಿದ ಜಪಾನಿನ ಇಜಿಮಾ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಅಂಟುಟೇಪು ಹಚ್ಚಿ, ಕಿತ್ತು ಕಿತ್ತು, ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆ ತೆಗೆದ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್. ಅದು 2004ರಲ್ಲಿ, ನೊಬೆಲ್ ಬಂದದ್ದು 2010ರಲ್ಲಿ. "ಇವ್ರೆಲ್ಲ ನಮ್ಮ ಪದಕದ ಹಿಂದೆ ಇದ್ದಾರೆ" ಅಂದರು ಡೈಮಂಡ್. ಭಾವ ಪದಕವನ್ನು ತಿರುಗಿಸಿ ಹಿಂದೆ ನೋಡಿದರು. ಎಂಆರ್‌ಪಿ 6,500 ಅಂತ ಇತ್ತು. ಪುಣ್ಯಕ್ಕೆ ನಮ್ಮ ಸಿ.ಎನ್.ಆರ್. ರಾಯರ ಫೋಟೋ ಹಾಕಿರಲಿಲ್ಲ. ಅವರ ಸಂಸ್ಥೆ ಇರುವ ಬೆಂಗಳೂರಿನ ಜಕ್ಕೂರು ಹತ್ತಿರ ನೋಡಿ. ಯಾರಾದರೂ ಬಸ್ಸು ಹತ್ತಿ ಹೋಗಿ ಕೇಳಿಬಿಟ್ಟರೆ?

ಈ ಕಾರ್ಬನ್ ಸಂಶೋಧನೆ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಹೇಳಿದರೆ ಪಾಪ ಬರುತ್ತದೆ. ನ್ಯಾನೋ ಕೊಳವೆಗಳು ಕಣ್ಣಿಗೆ ಕಾಣದ ಒಂದು ಬಗೆಯ ಕೆಂಪಿನಾಚೆಯ ಬೆಳಕನ್ನು ಹೀರಿ ಕಾಯುತ್ತವೆ. ಆ ಬೆಳಕು ಚರ್ಮ ಮಾಂಸವನ್ನು ಸ್ವಲ್ಪ ದೂರ ದಾಟಬಲ್ಲದು. ಕ್ಯಾನ್ಸರ್ ಗೆಡ್ಡೆಯೊಳಗೆ ಕೊಳವೆಗಳನ್ನು ಸೇರಿಸಿ ಹೊರಗಿಂದ ಬೆಳಕು ಬಿಟ್ಟರೆ ಗೆಡ್ಡೆ ಒಳಗಿಂದಲೇ ಬೇಯುತ್ತದೆ. ಹೊಳೆಯುವ ಕಾರ್ಬನ್ ಚುಕ್ಕೆಗಳಿಂದ ರೋಗದ ಸುಳಿವು ಹಿಡಿಯಲು ನೋಡುತ್ತಿದ್ದಾರೆ. ನ್ಯಾನೋ ವಜ್ರದ ಮೇಲೆ ಔಷಧಿ ಹೊರಿಸಿ ಕಳಿಸುವ ಪ್ರಯತ್ನವೂ ನಡೆದಿದೆ. ಚೀನಾದಲ್ಲಂತೂ ಥೈರಾಯ್ಡ್ ಗ್ರಂಥಿಯ ಆಪರೇಷನ್ ಮಾಡುವಾಗ ಕಾರ್ಬನ್ ನ್ಯಾನೋ ಕಣಗಳ ಕರಿ ದ್ರವ ಚುಚ್ಚುತ್ತಾರೆ. ಕ್ಯಾನ್ಸರ್ ಹರಡುವ ದಾರಿಯಲ್ಲಿರುವ ದುಗ್ಧಗ್ರಂಥಿಗಳು ಕಪ್ಪಾಗುತ್ತವೆ, ಪಕ್ಕದ ಪ್ಯಾರಾಥೈರಾಯ್ಡ್ ಅನ್ನುವ ಪುಟ್ಟ ಗ್ರಂಥಿಗಳು ಕಪ್ಪಾಗುವುದಿಲ್ಲ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಅಂತ ಸರ್ಜನ್ನಿಗೆ ಕಾಣುತ್ತದೆ. ಮನೆ ಗೋಡೆಗೆ ಇದ್ದಿಲಲ್ಲಿ ಗುರುತು ಹಾಕುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಆದರೆ ಬೇಯಿಸುವ ಕೊಳವೆಯ ಕಥೆ ಇನ್ನೂ ಇಲಿಗಳ ಹತ್ತಿರವೇ ನಿಂತಿದೆ. ಹಾಸನಕ್ಕೆ ಬಂದಿಲ್ಲ.

ಇನ್ನೊಂದು ವಿಷಯ. ಉದ್ದನೆಯ ಸೂಜಿಯಂಥ ಕೊಳವೆಗಳು ಇಲಿಗಳ ಹೊಟ್ಟೆಯೊಳಗೆ ಕಲ್ನಾರಿನ (ಆಸ್ಬೆಸ್ಟಾಸ್) ಎಳೆಗಳ ಹಾಗೇ ಕಾಟ ಕೊಡುತ್ತವೆ ಅಂತ 2008ರಲ್ಲೇ ತೋರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಅವುಗಳ ಒಂದು ಬಗೆಯನ್ನು 'ಮನುಷ್ಯರಿಗೆ ಕ್ಯಾನ್ಸರ್ ತರಬಹುದು' ಅನ್ನುವ ಪಟ್ಟಿಗೆ ಸೇರಿಸಿತು. ಹಾಗಾಗಿ ಭಾವನ ಪದಕದಲ್ಲಿ ನ್ಯಾನೋ ಇಲ್ಲದಿರುವುದೇ ಅವರ ಆರೋಗ್ಯಕ್ಕೆ ಕ್ಷೇಮ. ಈ ವ್ಯಾಪಾರದಲ್ಲಿ ಮೋಸವೇ ನಮ್ಮನ್ನು ಕಾಪಾಡುತ್ತಿದೆ.

ಮೂಲೆಯಲ್ಲಿ ಒಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹಿತ್ತಾಳೆ ಬಣ್ಣದ ಕಡ್ಡಿ ಇತ್ತು. ಅದನ್ನು ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ದೇಹದ ಜಾತಕ ಪೂರ್ತಿ ಹೊರಗೆ ಬರುತ್ತದಂತೆ. ಭಾವ ಹಿಡಿದರು. ಎಂಟು ಹಾಳೆ ಪ್ರಿಂಟ್ ಬಂತು. ಐದನೇ ಹಾಳೆಯಲ್ಲಿ 'ಗರ್ಭಕೋಶದಲ್ಲಿ ಅಲ್ಪ ದೋಷ' ಅಂತಿತ್ತು. ಹಿಂದೆ ಕಡ್ಡಿ ಹಿಡಿದಿದ್ದ ಹೆಂಗಸಿನ ವಿವರ ಬದಲಾಯಿಸುವುದನ್ನು ಮಿಷನ್ನಿನ ಹುಡುಗ ಮರೆತಿದ್ದ. ನಾನು ನಕ್ಕೆ. ಭಾವ ನಗಲಿಲ್ಲ. "ಅಲ್ಪ ಅಂತ ತಾನೇ ಬಂದಿರೋದು" ಅಂದರು.

ಜನ ದಡ್ಡರು ಅಂತಲ್ಲ. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವಿಡೀ ಟೀವಿಯಲ್ಲಿ ಓಡಿದಾಗ ಮೈಸೂರಿನ ಜಯದೇವದ ಮುಂದೆ ಬೆಳಗಾಗುವ ಮುಂಚೆ ಎಷ್ಟುದ್ದ ಸಾಲು ಇತ್ತು ಅಂತ ನೋಡಿದ್ದೇವಲ್ಲ. ಹೆದರಿದ ಊರಿಗೆ ಏನು ಬೇಕಾದರೂ ಮಾರಬಹುದು ಅಂತ ಕೋಟಿನವರಿಗೆ ಗೊತ್ತು.

ಕಾನೂನೂ ಗೊತ್ತು. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ ಅಂತ 1954ರಿಂದ ಕೇಂದ್ರದ ಕಾಯ್ದೆ ಇದೆ. ತಾಯತ, ಮಂತ್ರ, ಕವಚ ಅಂತ ಅದರಲ್ಲೇ ಬರೆದಿದ್ದಾರೆ. ನ್ಯಾನೋ ಅಂತ ಬರೆದಿಲ್ಲ, ಆಗ ಯಾರಿಗೆ ಗೊತ್ತಿತ್ತು? ಆದರೂ ಇರಲಿ ಅಂತ ಕರಪತ್ರದ ತುದಿಯಲ್ಲಿ 'ಇದು ಔಷಧಿಯಲ್ಲ' ಅಂತ ಒಂದು ಸಾಲು ಅಚ್ಚು ಹಾಕಿಸಿದ್ದಾರೆ. ಇಡೀ ಮಂಟಪದಲ್ಲಿ ನಿಜಕ್ಕೂ ನ್ಯಾನೋ ಅಂತ ಇದ್ದದ್ದು ಆ ಅಕ್ಷರಗಳು ಮಾತ್ರ.

ಸಂಜೆ ಅರಸೀಕೆರೆಗೆ ವಾಪಸ್ ಬಂದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬೆಳಗ್ಗೆ ಆಶಾ ಕಾರ್ಯಕರ್ತೆ ಮತ್ತೆ ಬಂದಿದ್ದಳಂತೆ, ಇದು ಮೂರನೇ ಸಲ. 30 ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆ ಪುಕ್ಕಟೆ, ಉಪಕೇಂದ್ರಕ್ಕೆ ಬನ್ನಿ ಅಂತ ಫಾರಂ ತುಂಬಿಸಿಕೊಂಡು ಹೋಗಿದ್ದಳು.

"ಅಲ್ಲಿ ಏನು ಮಿಷನ್ ಇದೆಯಂತೆ?" ಅಂದರು ಭಾವ.

"ಮಿಷನ್ ಎಲ್ಲಿಂದ ಬರಬೇಕು? ನರ್ಸಮ್ಮ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡ್ತಾರಂತೆ" ಅಂದಳು ಅಕ್ಕ.

"ಟಾರ್ಚಾ!" ಭಾವನಿಗೆ ಅವಮಾನವೇ ಆದ ಹಾಗಿತ್ತು. "ಈ ಕಾಲದಲ್ಲಿ ಟಾರ್ಚ್ ಬಿಟ್ಟು ಕ್ಯಾನ್ಸರ್ ನೋಡ್ತಾರೇನಯ್ಯ?"

"ಭಾವ, ವಿಜ್ಞಾನಿಗಳೂ ಕೊನೆಗೆ ಬೆಳಕೇ ಬಿಡೋದು" ಅಂದೆ. ಅವರಿಗೆ ಕೇಳಿಸಲಿಲ್ಲ. ಆಗಲೇ ಜಗಲಿ ಮೇಲೆ ಕೂತು ಎಲೆ ಅಡಿಕೆ ತಟ್ಟೆ ಎಳೆದುಕೊಂಡಿದ್ದರು. ಎಲೆಗೆ ಸುಣ್ಣ ಸವರಿ, ಮನೆ ತೋಟದ ಅಡಿಕೆ ಹೋಳು ಇಟ್ಟು, ಒಂದು ಚಿಟಿಕೆ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಸೇರಿಸಿದರು. ನಲವತ್ತು ವರ್ಷದಿಂದ ಎಡಗೆನ್ನೆಯಲ್ಲೇ ಇಡುವುದು. ಅದೇ ವಿಶ್ವ ಆರೋಗ್ಯ ಸಂಸ್ಥೆಯವರ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಪಟ್ಟಿಯಲ್ಲಿ ಅಡಿಕೆಯೂ ಇದೆ, ಹೊಗೆಸೊಪ್ಪೂ ಇದೆ. ಈ ಮಾತನ್ನು ನಾನು ಈ ಮನೆಯಲ್ಲಿ ಎಷ್ಟು ಸಲ ಆಡಿದ್ದೇನೋ. ನಮ್ಮ ಕಡೆ ಅಡಿಕೆ ಬಗ್ಗೆ ಮಾತಾಡುವುದಕ್ಕಿಂತ ಹೊಲದ ಬದುವಿನ ಬಗ್ಗೆ ಮಾತಾಡುವುದು ಸುಲಭ.

ಅಗಿಯುತ್ತಾ ಅಗಿಯುತ್ತಾ ನನ್ನ ಕಡೆ ತಿರುಗಿ, ನೀನು ನನ್ನ ಎಡಗಡೆಗೆ ಸೇರುತ್ತೀಯೋ ಬಲಗಡೆಗೋ ಅಂತ ಕೈಸನ್ನೆ ಮಾಡಿ ಕೇಳಿದರು. ಬಾಯಿ ತುಂಬಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಅಂಗಳದ ಕಡೆ ಬಗ್ಗಿದರು. ಪದಕ ಜೋಲಾಡಿತು. 6,500 ರೂಪಾಯಿಯದಕ್ಕೆ ಕೆಂಪು ಹಾರದಿರಲಿ ಅಂತ ಎಡಗೈಯಲ್ಲಿ ಅದನ್ನು ಜೋಪಾನವಾಗಿ ಅಂಗಿಯೊಳಗೆ ಸೇರಿಸಿಕೊಂಡು, ತೆಂಗಿನ ಬುಡಕ್ಕೆ ಉಗಿದರು.