ಚಕ್ಕುಲಿ ಬೇರು

ಮೊನ್ನೆ ರಾತ್ರಿ ಆರಿದ್ರಾ ಮಳೆಯ ಗಾಳಿಗೆ ನಮ್ಮ ಬೆಟ್ಟದ ಅಂಚಿನ ಅಪ್ಪೆಮಿಡಿ ಮಾವಿನ ಮರ ಮಲಗಿತು. ಮುರಿದು ಬಿದ್ದದ್ದಲ್ಲ. ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗೆ ಬುಡಸಮೇತ ಮಲಗಿತ್ತು. ಒಂಬತ್ತು ವರ್ಷದ ಕಸಿ ಗಿಡ. ಎರಡು ವರ್ಷದಿಂದ ಮಿಡಿ ಕೊಡುತ್ತಿತ್ತು. ಈ ವರ್ಷದ ಮಿಡಿ ಇನ್ನೂ ಭರಣಿಯಲ್ಲಿ ಉಪ್ಪು ಕುಡಿಯುತ್ತಾ ಇದೆ, ಮರವೇ ಇಲ್ಲ.

ಬೆಳಿಗ್ಗೆ ಹೋಗಿ ಬುಡ ನೋಡಿದೆ. ಬೇರು ಅಲ್ಲ ಮಾರಾಯ್ರೆ ಅದು, ಚಕ್ಕುಲಿ! ಚೌತಿಯ ಮುಂಚೆ ಚಕ್ಕುಲಿ ಕಂಬಳದಲ್ಲಿ ನೆರೆಹೊರೆಯವರೆಲ್ಲ ಸೇರಿ ಕೈಯಲ್ಲೇ ಹೊಸೆದು ಸುತ್ತುತ್ತಾರಲ್ಲ, ಹಾಗೆ ಸುತ್ತಿನ ಮೇಲೆ ಸುತ್ತು. ಮಣಿಕಟ್ಟಿನಷ್ಟು ದಪ್ಪದ ಬೇರು ಗೇಣಗಲದ ಜಾಗದಲ್ಲಿ ಮೂರು ಸುತ್ತು ಸುತ್ತಿ, ತನ್ನ ಕುತ್ತಿಗೆಯನ್ನು ತಾನೇ ಹಿಚುಕಿಕೊಂಡು ಕೂತಿದೆ. ತಾಯಿಬೇರು ಒಂದು ಗೇಣು ಕೆಳಗೆ ಇಳಿದು, ಕೊಡೆಯ ಹಿಡಿಕೆ ಹಾಗೆ ತಿರುಗಿ ಮೇಲೆ ಬಂದಿದೆ. ಸುತ್ತುಗಳ ನಡುವೆ ಕಪ್ಪು ಕೊಟ್ಟೆಯ, ಅಂದರೆ ನರ್ಸರಿಯ ಪ್ಲಾಸ್ಟಿಕ್ ಚೀಲದ, ಚೂರು. ಗಿಡ ಮಣ್ಣಿಗೆ ಬಂದು ಒಂಬತ್ತು ವರ್ಷ ಆಗಿದ್ದರೂ ಬೇರು ಆ ಕೊಟ್ಟೆಯ ಆಕಾರದಲ್ಲೇ ಇತ್ತು.

ಇದೇ ಸಿಟ್ಟಿನಲ್ಲಿ ನಿನ್ನೆ ಶಿರಸಿ ಹತ್ತಿರದ ಒಂದು ನರ್ಸರಿಗೆ ಹೋದೆ. ಹೆಸರು ಬೇಡ. ಹೊಸ ಕಸಿ ಗಿಡ ತರೋಣ ಅಂತ. ಅಲ್ಲಿ ಎದೆಮಟ್ಟದ ಗಿಡಗಳು ಸಾಲಾಗಿ ನಿಂತಿದ್ದವು. ಕೊಟ್ಟೆ ಎಷ್ಟು? 5×8. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಖಾಲಿ ಕೊಟ್ಟೆ ಮಲಗಿಸಿದಾಗ ಅಗಲ 5 ಇಂಚು. ಮಣ್ಣು ತುಂಬಿ ದುಂಡಗಾದ ಮೇಲೆ ಅಡ್ಡಗಲ ಮೂರು ಇಂಚು ಚಿಲ್ಲರೆ, ಅಷ್ಟೇ. ಲೆಕ್ಕ ಹಾಕಿ, ಒಂದು ಲೀಟರ್ ಮಣ್ಣು ಕೂಡ ಹಿಡಿಯೋದಿಲ್ಲ. ಅದೇ 8×12 ಆದರೆ ಮೂರೂವರೆ ಲೀಟರ್ ಹಿಡಿಯುತ್ತದೆ. ಎದೆಮಟ್ಟದ ಗಿಡ, ಒಂದು ತಂಬಿಗೆ ಮಣ್ಣು!

"ಈ ಗಿಡ ಕೊಟ್ಟೆಯಲ್ಲಿ ಎಷ್ಟು ವರ್ಷದಿಂದ ಇದೆ ತಮ್ಮಾ?" ಅಂದೆ. "ಎರಡು ಮಳೆಗಾಲ ಕಂಡಿದೆ ಹೆಗಡೇರೆ, ಚೆನ್ನಾಗಿ ಬಲಿತಿದೆ" ಅಂದ. ಹೆಮ್ಮೆಯಿಂದ! ನನ್ನ ಪಕ್ಕದಲ್ಲೇ ಒಬ್ಬರು ಸೊಂಟದೆತ್ತರದ ಗಿಡ ಬಿಟ್ಟು, ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಎದೆಯೆತ್ತರದ್ದನ್ನೇ ಆರಿಸಿಕೊಂಡರು. ಹಸು ಕೊಳ್ಳುವಾಗ ಹಲ್ಲು ಎಣಿಸುವವರು ನಾವು. ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿ ನೋಡುವವರು. ಅರವತ್ತು ವರ್ಷ ನಿಲ್ಲಬೇಕಾದ ಗಿಡದ ಎತ್ತರ ಮಾತ್ರ ನೋಡಿ ದುಡ್ಡು ಎಣಿಸುತ್ತೇವೆ.

ಆಗೋದು ಇಷ್ಟೆ. ಬೇರಿನ ತುದಿ ನುಣುಪಾದ ದುಂಡು ಗೋಡೆಗೆ ತಾಗುತ್ತದೆ. ಮುಂದೆ ದಾರಿ ಇಲ್ಲ. ಗೋಡೆ ಹಿಡಿದು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಮಾವು, ಹಲಸು, ಜಾಯಿಕಾಯಿ, ಉಪ್ಪಾಗೆ, ಮುರುಗಲು, ಇವೆಲ್ಲ ಮರದ ಜಾತಿ. ಇವುಗಳ ಬೇರು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತದೆ. ಇವತ್ತು ದಾರದ ಹಾಗಿದ್ದ ಸುತ್ತು ಹತ್ತು ವರ್ಷಕ್ಕೆ ಹಗ್ಗ, ಆಮೇಲೆ ನೇಣು. ಮೇಲೆ ಎಲೆ ಹಸಿರಾಗೇ ಇರುತ್ತದೆ. ಹಾಗಾಗಿ ನಮಗೆ ಗೊತ್ತೇ ಆಗೋದಿಲ್ಲ.

ಇದನ್ನೇ ನಿನ್ನೆ ಪೇಟೆಯಲ್ಲಿ ಚಾ ಕುಡಿಯುವಾಗ ಹೇಳಿದ್ದಕ್ಕೆ ಒಬ್ಬ ಗೆಳೆಯ ನಕ್ಕ. "ನಿಮ್ಮ ತೋಟದ ಅಡಿಕೆ ಸಸಿ ಎಲ್ಲ ಕೊಟ್ಟೆಯಿಂದಲೇ ಬಂದದ್ದಲ್ವಾ? ಕಾಳುಮೆಣಸಿನ ಬಳ್ಳಿಯೂ? ಅವೆಲ್ಲ ಬಿದ್ದವಾ?" ದೊಡ್ಡ ಪಾಯಿಂಟು ಹಾಕಿದವನ ಹಾಗೆ ಎರಡನೇ ಚಾ ಹೇಳಿದ. ಅಯ್ಯಾ, ಅಡಿಕೆಗೆ ತಾಯಿಬೇರು ಎಲ್ಲಿದೆ? ಅದು ತಾಳೆಯ ಕುಲ. ಬುಡದಿಂದ ಜೀವನಪೂರ್ತಿ ಹೊಸ ಬೇರು ಬಿಡುತ್ತಾ ಹೋಗುತ್ತದೆ, ಹಳೆಯ ಬೇರು ಮಾವಿನದರ ಹಾಗೆ ದಪ್ಪ ಆಗೋದಿಲ್ಲ. ಮೆಣಸಿನ ಬಳ್ಳಿ ತುಂಡಿನಿಂದ ಬಂದದ್ದು, ಅದಕ್ಕೂ ತಾಯಿಬೇರು ಇಲ್ಲ. ಅಡಿಕೆಯನ್ನು ನೋಡಿ ಮಾವನ್ನು ಬೆಳೆಸುವುದೇ ನಮ್ಮ ತೊಂದರೆ. ಇದನ್ನು ಅವನಿಗೆ ಹೇಳುವಷ್ಟರಲ್ಲಿ ಅವನು ಅಡಿಕೆ ಧಾರಣೆಗೆ ಹೋಗಿಯಾಗಿತ್ತು.

ಹಾಗಂತ ಉಪಾಯ ಇಲ್ಲದೇ ಇಲ್ಲ. ರೂಟ್ ಟ್ರೇನರ್ ಅಂತ ಬರುತ್ತದೆ, ನೀವೂ ನೋಡಿರ್ತೀರಿ. ಕಪ್ಪು ಪ್ಲಾಸ್ಟಿಕ್ಕಿನ ಉದ್ದನೆಯ ಲೋಟಗಳ ತಟ್ಟೆ. ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಏಣು, ಅಂದರೆ ಉಬ್ಬು ಗೆರೆ, ಇರುತ್ತದೆ. ಸುತ್ತಲು ಹೊರಟ ಬೇರು ಆ ಉಬ್ಬಿಗೆ ತಾಗಿ ಕೆಳಗೆ ಇಳಿಯುತ್ತದೆ. ತಳ ತೆರೆದಿರುತ್ತದೆ. ಅಲ್ಲಿ ಬೇರಿನ ತುದಿ ಗಾಳಿಗೆ ಒಣಗಿ ನಿಲ್ಲುತ್ತದೆ, ಹಿಂದಿನಿಂದ ಹೊಸ ಕವಲು ಒಡೆಯುತ್ತದೆ. ಕುಡಿ ಚಿವುಟಿದರೆ ಗಿಡ ಕವಲೊಡೆಯುವ ಹಾಗೇ. ಕಾಡುಮರದ ಸಸಿಗೆ ಇದು ಹೊಸದೇನಲ್ಲ. ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, ಕೇಳಿದರೆ ಹೇಳುತ್ತಾರೆ. ಆದರೆ ನಿನ್ನೆ ಆ ನರ್ಸರಿಯಲ್ಲಿ ಕಂಡದ್ದು ಏನು ಗೊತ್ತಾ? ಆ ತಟ್ಟೆಗಳನ್ನು ಸೀದಾ ನೆಲದ ಮೇಲೆ ಇಟ್ಟಿದ್ದಾರೆ! ಗಾಳಿ ಆಡಲಿ ಅಂತ ತಳ ತೆರೆದಿರೋದು, ಇವರು ಮಣ್ಣಿಗೆ ಒತ್ತಿ ಕೂರಿಸಿದ್ದಾರೆ. ಬೇರು ನೆಲಕ್ಕೇ ಇಳಿದಿದೆ. ಹುಡುಗ ಒಂದು ತಟ್ಟೆ ಎತ್ತಿದ, ಪಟಪಟ ಅಂತ ಶಬ್ದ. ತಾಯಿಬೇರು ಹರಿದ ಶಬ್ದ ಅದು. ನನಗೆ ಹಲ್ಲು ಕಿತ್ತ ಹಾಗಾಯಿತು.

ಇದು ತೋಟದವರ ಕಥೆ ಮಾತ್ರ ಅಂದುಕೊಳ್ಳಬೇಡಿ. ಕಾರವಾರದಲ್ಲಿ ನನ್ನ ತಂಗಿಯ ಫ್ಲ್ಯಾಟಿದೆ. ಬಾಲ್ಕನಿಯಲ್ಲಿ ಲಿಂಬೆ ಗಿಡ. ಕುಂಡ ನೋಡಬೇಕು, ಹೊಟ್ಟೆ ಗುಡಾಣ, ಬಾಯಿ ಚೊಂಬು. ಶೋಕಿಗೆ ತಂದದ್ದು. ಗಿಡವನ್ನು ಇನ್ನು ಹೊರಗೆ ತೆಗೆಯಬೇಕಾದರೆ ಒಂದೋ ಕುಂಡ ಒಡೆಯಬೇಕು, ಇಲ್ಲ ಬೇರು ಕಡಿಯಬೇಕು. ಪಕ್ಕದಲ್ಲಿ ಇನ್ನೊಂದು, ಪರಾತದ ಹಾಗೆ ಅಗಲ, ನಾಲ್ಕು ಬೆರಳು ಆಳ. ಅದರಲ್ಲಿದ್ದ ಕರಿಬೇವು ಪ್ರತಿ ಮಳೆಗಾಲಕ್ಕೆ ಕೊಳೆಯುತ್ತದಂತೆ. "ನೀರು ಇಳೀಲಿ ಅಂತ ತಳಕ್ಕೆ ಕಲ್ಲು ಹಾಕಿದ್ದೆ ಅಣ್ಣಾ" ಅಂದಳು. ಎಲ್ಲರೂ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ.

ಅವಳ ಅಡುಗೆಮನೆಯ ಸ್ಪಂಜೇ ತರಿಸಿ ತೋರಿಸಿದೆ. ನೀರಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿದೆ. ಹನಿ ಬೀಳುವುದು ನಿಂತಿತು. ಅದನ್ನೇ ನೆಟ್ಟಗೆ ನಿಲ್ಲಿಸಿದೆ. ಬಳಬಳ ಅಂತ ಮತ್ತೆ ನೀರು ಇಳಿಯಿತು. ಸ್ಪಂಜು ಅದೇ, ನೀರೂ ಅದೇ, ಎತ್ತರ ಬೇರೆ. ಕುಂಡದ ತಳದಲ್ಲಿ ಒಂದಷ್ಟು ಎತ್ತರಕ್ಕೆ ನೀರು ನಿಂತೇ ನಿಲ್ಲುತ್ತದೆ. ಅದು ಎಷ್ಟು ಅನ್ನೋದು ಮಣ್ಣಿನ ಗುಣದ ಮೇಲೆ. ಆಳದ ಕುಂಡದಲ್ಲಿ ಬೇರು ಅದರ ಮೇಲೆ ಉಸಿರಾಡಿಕೊಂಡಿರುತ್ತದೆ, ಪರಾತದಲ್ಲಿ ಪೂರ್ತಿ ಮುಳುಗಿರುತ್ತದೆ. ಕಲ್ಲು ಹಾಕಿದರೆ ಆ ನೀರು ಕಲ್ಲಿನ ಮೇಲೆ, ಬೇರಿಗೆ ಇನ್ನೂ ಹತ್ತಿರ ನಿಲ್ಲುತ್ತದೆ. ಕಾರವಾರದಂಥ ಊರು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಕರಿಬೇವು ಕೊಳೆಯದೆ ಇನ್ನೇನು? ತಂಗಿ ಒಪ್ಪಿದಳು. ಸ್ಪಂಜು ಒದ್ದೆ ನೆಲ ಮಾಡಿದ್ದಕ್ಕೆ ಬೈದಳು ಕೂಡ.

ಅಲ್ಲೇ ಅಳಿಯ ಮೊಬೈಲಿನಲ್ಲಿ ಏನೋ ತೋರಿಸಿ ನಗುತ್ತಿದ್ದ. ಕೆನಡಾದಲ್ಲಿ 2018ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆಯಲ್ಲ, ಬಹಳಷ್ಟು ಕಡೆ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಆ ನಾಲ್ಕು ಗಿಡಕ್ಕೆ ಎಷ್ಟು ಲೀಟರ್ ಕುಂಡ, ದುಂಡಗಿನದೋ ಚೌಕದ್ದೋ, ಬೇರಿನ ತುದಿಗೆ ಗಾಳಿ ತಾಗುವ ಬಟ್ಟೆಯ ಕುಂಡವೋ ಅಂತ ಪುಟಗಟ್ಟಲೆ ಜಗಳ. ನಮ್ಮಲ್ಲಿ ಬೆಳೆಸಿದರೆ 1985ರ ಕಾನೂನು ಜೈಲಿಗೆ ಕಳಿಸುತ್ತದೆ, ಅದು ಬೇರೆ ಮಾತು. ನನಗೆ ಬಂದದ್ದು ಹೊಟ್ಟೆಕಿಚ್ಚು. ಕೆಲವೇ ತಿಂಗಳಲ್ಲಿ ಕತೆ ಮುಗಿಯುವ ಗಿಡಕ್ಕೆ ಅವರು ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಮೊಮ್ಮಕ್ಕಳಿಗೆ ಅಂತ ಹಚ್ಚುವ ಜಾಯಿಕಾಯಿ ಗಿಡಕ್ಕೆ ನಾವು ಒಂದು ತಂಬಿಗೆ ಮಣ್ಣು ಸಾಕು ಅನ್ನುತ್ತೇವೆ. 2012ರಲ್ಲಿ ವಿಜ್ಞಾನಿಗಳು 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು: ಕುಂಡ ಎರಡರಷ್ಟು ದೊಡ್ಡದಾದರೆ ಗಿಡದ ತೂಕ ಸರಾಸರಿ ಶೇಕಡಾ 43 ಜಾಸ್ತಿ. ಇದನ್ನು ಓದಿ ಎರಡೆಲೆ ಸಸಿಯನ್ನು ಸೀದಾ ಡ್ರಮ್ಮಿಗೆ ಹಾಕಬೇಡಿ ಮತ್ತೆ. ಕುಡಿಯುವ ಬೇರೇ ಇಲ್ಲದ ಕಡೆ ಮಣ್ಣು ಒದ್ದೆಯಾಗೇ ಇದ್ದು ಅದೂ ಕೊಳೆಯುತ್ತದೆ.

ಅಪ್ಪಯ್ಯ ಹಲಸಿನ ಬೀಜವನ್ನು ಗುಂಡಿಗೇ ಹಾಕುತ್ತಿದ್ದ. "ತಾಯಿಬೇರು ಹುಟ್ಟಿದ ಜಾಗ ಬಿಡಬಾರದು" ಅನ್ನುತ್ತಿದ್ದ. ನನಗೆ ಅದು ಹಳೇ ಕಾಲದ ಮಾತು. ಅಘನಾಶಿನಿಯ ದಂಡೆಯಲ್ಲಿ ಹಳೇ ಅಪ್ಪೆಮರಗಳು ಬುಡಕ್ಕೆ ನೆರೆ ಹೊಡೆದರೂ ನಿಂತಿವೆ. ಅವುಗಳಿಗೆ ಯಾರೂ ಕೊಟ್ಟೆ ಕೊಟ್ಟವರಿಲ್ಲ.

ಅಂದಹಾಗೆ, ಚಕ್ಕುಲಿಯ ನಡುವೆ ಕೊಟ್ಟೆಯ ಚೂರು ಎಲ್ಲಿಂದ ಬಂತು ಅಂತ ಇನ್ನೂ ನೀವು ಕೇಳಿಲ್ಲ. ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ಆ ಗಿಡ ತಂದವನು ನಾನೇ. ಎಲ್ಲಕ್ಕಿಂತ ಎತ್ತರದ್ದನ್ನೇ ಚೌಕಾಸಿ ಮಾಡಿ ತಂದೆ. ಹಚ್ಚುವ ದಿನ ಜೋರು ಮಳೆ, ಇಂಬಳ ಕಾಲಿಗೆ ಹತ್ತುತ್ತಿತ್ತು. ಕೊಟ್ಟೆಯ ತಳ ಮಾತ್ರ ಕತ್ತಿಯಲ್ಲಿ ಗೀರಿ ಗುಂಡಿಗೆ ಇಳಿಸಿ ಮಣ್ಣು ಎಳೆದೆ. ಕೊಟ್ಟೆ ಪೂರ್ತಿ ಹರಿದು, ಸುತ್ತಿದ ಬೇರನ್ನು ನಾಲ್ಕು ಕಡೆ ಉದ್ದಕ್ಕೆ ಸೀಳಿ, ತಳದ ಮುದ್ದೆ ಕತ್ತರಿಸಿ ಬಿಡಲು ಎರಡು ನಿಮಿಷ ಸಾಕಿತ್ತು. ನರ್ಸರಿಯವನನ್ನು ಬೈಯುವ ಉಮೇದಿನಲ್ಲಿ ಇದನ್ನು ಕೊನೆಗೆ ಇಟ್ಟುಕೊಂಡೆ.

ಅದೇ ದಿನ ಅದೇ ಸಾಲಿನಲ್ಲಿ ಇನ್ನೂ ಮೂರು ಹಚ್ಚಿದ್ದೆ. ನಿನ್ನೆ ಸಂಜೆ ಹೋಗಿ ಒಂದೊಂದನ್ನೂ ಹೆಗಲು ಕೊಟ್ಟು ದೂಡಿ ನೋಡಿದೆ. ಎರಡು ಗಟ್ಟಿ ಇವೆ. ಮೂರನೆಯದು ಹಲ್ಲಿನ ಹಾಗೆ ಅಲುಗಾಡಿತು. ಕವೆಗೋಲು ಕೊಟ್ಟು ಕಟ್ಟಿ ಬಂದಿದ್ದೇನೆ. ಮನೆಯವಳಿಗೆ ಹೇಳಿಲ್ಲ. ಅವಳು ಫೇಸ್‌ಬುಕ್ ನೋಡೋದಿಲ್ಲ, ನೀವೂ ಹೇಳಬೇಡಿ.