ಮೂರು ಅಡಿಕೆ ಮರದಷ್ಟು ಎತ್ತರ

ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂತಲ್ಲ, ಅವತ್ತಿನಿಂದ ದುರ್ಗಿಗುಡಿಯ ನಮ್ಮ ಕಾಫಿ ಗೆಳೆಯರಿಗೆ ಒಂದೇ ಚಿಂತೆ. ಇಲ್ಲೊಂದು ಇಪ್ಪತ್ತು ಮಹಡಿ ಕಟ್ಟಡ ಯಾವಾಗ ಏಳುತ್ತೆ? ಯಾವ ಆಫೀಸಿಗೆ ಅಂತ ಕೇಳಿದರೆ ಉತ್ತರ ಇಲ್ಲ. "ಮೊದಲು ಕಟ್ಲಿ ಮಾರಾಯ, ಆಮೇಲೆ ಯಾರಾದ್ರೂ ಬರ್ತಾರೆ!"

ಆಗೆಲ್ಲ ನನಗೆ ಮದ್ರಾಸಿನ ಎಲ್‌ಐಸಿ ಬಿಲ್ಡಿಂಗ್ ನೆನಪಾಗುತ್ತದೆ. ಅಪ್ಪ ಸಾಗರದ ಕಡೆ ಎಲ್‌ಐಸಿ ಏಜೆಂಟ್. ಲೂನಾದಲ್ಲಿ ತೋಟದ ಮನೆಗಳಿಗೆ ಹೋಗಿ ಕಂತಿನ ದುಡ್ಡು ತರುತ್ತಿದ್ದರು. ಒಮ್ಮೆ ಮದ್ರಾಸಿಗೆ ಹೋಗಿ ಬಂದವರು ಆ ಕಟ್ಟಡದ ಬಗ್ಗೆ ಹೇಳಿದ್ದೇ ಹೇಳಿದ್ದು. ಎಷ್ಟು ಎತ್ತರ ಅಂದರೆ ಅಂಗಳದಾಚೆ ಕೈ ತೋರಿಸಿ, "ಒಂದರ ಮೇಲೊಂದು ಮೂರು ಅಡಿಕೆ ಮರ ನಿಲ್ಲಿಸು" ಎಂದಿದ್ದರು. ಲೆಕ್ಕ ಹೆಚ್ಚುಕಮ್ಮಿ ಸರಿಯೇ. 177 ಅಡಿ.

1959ರಲ್ಲಿ ಉದ್ಘಾಟನೆ ಆದಾಗ ದೇಶದಲ್ಲೇ ಅಷ್ಟೆತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಎರಡು ವರ್ಷಕ್ಕೆ ಆ ಪಟ್ಟವನ್ನು ಬೊಂಬಾಯಿ ಕಿತ್ತುಕೊಂಡಿತು, ಬಿಡಿ. ನನಗಿಷ್ಟ ಅದರ ಹಿಂದಿನ ಕಥೆ. ಕೆಲಸ ಶುರುವಾದ 1953ರಲ್ಲಿ ಎಲ್‌ಐಸಿ ಹುಟ್ಟೇ ಇರಲಿಲ್ಲ! ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಸ್ಥಾಪಿಸಿದ ಚಿದಂಬರಂ ಚೆಟ್ಟಿಯಾರರು ತಮ್ಮ ಯುನೈಟೆಡ್ ಇಂಡಿಯಾ ವಿಮಾ ಕಂಪನಿಗೆ ಅಂತ ಮೌಂಟ್ ರೋಡಿನಲ್ಲಿ ಅದನ್ನು ಶುರು ಮಾಡಿದ್ದು. ಮರುವರ್ಷವೇ ಸಿಂಗಾಪುರದ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1956ರಲ್ಲಿ ಸರ್ಕಾರ 245 ವಿಮಾ ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಮಾಡಿತು. ಮುಗಿಯದ ಕಟ್ಟಡವೂ ಅದರ ಪಾಲಿಗೆ ಬಂತು. ನಕ್ಷೆ ಹಾಕಿದ ಲಂಡನ್ನಿನವರು ನಡುವೆ ಬಿಟ್ಟು ಹೋದರು. ಮದ್ರಾಸಿನ ಎಲ್.ಎಂ. ಚಿತಳೆ ಮುಗಿಸಿಕೊಟ್ಟರು. ಸುಣ್ಣ ಇಟ್ಟಿಗೆಯ ಗೋಡೆಗಳ ಊರಿನಲ್ಲಿ ಕಾಂಕ್ರೀಟ್ ಕಂಬಗಳ ಮೇಲೆ ಎದ್ದ ಕಟ್ಟಡ ಅದು.

ಯಜಮಾನ ಹೋದ, ಕಂಪನಿ ಹೋಯ್ತು, ಆದರೂ ಕೆಲಸ ನಿಲ್ಲಲಿಲ್ಲ. ನನ್ನ ಪ್ರಕಾರ ಕಾರಣ ಇಷ್ಟೇ. ಒಳಗೆ ಕೂರೋಕೆ ಗುಮಾಸ್ತರಿದ್ದರು, ಇಡೋಕೆ ಕಡತ ಇತ್ತು. ಇವತ್ತಿಗೂ ಅಲ್ಲಿ ಎಲ್‌ಐಸಿ ಆಫೀಸೇ ಇದೆ. ನಮ್ಮವರದ್ದು ಉಲ್ಟಾ ಲೆಕ್ಕ ಅಲ್ವಾ? ಲಿಫ್ಟ್ ಮೊದಲು, ಹತ್ತುವವರು ಆಮೇಲೆ.

1975ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿತ್ತು. 2023ರಲ್ಲಿ ತುದಿಯ ಬೋರ್ಡಿಗೂ ಹತ್ತಿಕೊಂಡಿತು. ಸುದ್ದಿ ನೋಡಿ ಅಪ್ಪ ಫೋನ್ ಮಾಡಿದರು.

"ಬೋರ್ಡಿಗೆ ಮಾತ್ರ ತಾನೆ?"

"ಹೌದಪ್ಪಾ, ಬೋರ್ಡಿಗೆ ಮಾತ್ರ."

"ಸರಿ, ಇಡ್ತೀನಿ" ಅಂದರು.