ಮಂಕ್‌ಗೆ ಉಪ್ಪುಕಾಗದ ಹಾಕುವ ಮುನ್ನ

ಕೆಫೆಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ, ಓದುವಾಗ ಕೇಳಲೆಂದು ಕಟ್ಟಿದ ಪ್ಲೇಲಿಸ್ಟ್‌ಗಳಲ್ಲಿ ಅಮೆರಿಕದ ಜಾಝ್ ಪಿಯಾನೋ ವಾದಕ, ರಚನಕಾರ ಥೆಲೋನಿಯಸ್ ಮಂಕ್‌ನ ‘ರೌಂಡ್ ಮಿಡ್‌ನೈಟ್’ ಧಾರಾಳವಾಗಿ ಸಿಗುತ್ತದೆ. ಕೆಳಗೆ ವಯೊಲಿನ್‌ಗಳ ಹಾಸಿಗೆ, ಮೇಲೆ ಸ್ಯಾಕ್ಸೋಫೋನ್, ಸುತ್ತ ಗುಹೆಯಂಥ ಪ್ರತಿಧ್ವನಿ. ಎಲ್ಲ ಇದೆ, ಮಂಕ್ ಇಲ್ಲ.

ಮಂಕ್‌ನ ಸಂಗೀತವನ್ನು ಮೆದು ಮಾಡಬಾರದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಾಲ್ಕು ಜನ ಮಾತಾಡುತ್ತ ಊಟ ಮಾಡುವಾಗ ಹಿಂದೆ ಕೇಳಿಸುವ ಸಂಗೀತವೂ ಬೇಕು, ಅದನ್ನು ಕಟ್ಟುವುದೂ ಒಂದು ಕಸುಬು. ಆದರೆ ಮರಗೆಲಸದವರಿಗೆ ಗೊತ್ತಿರುವಂತೆ, ಉಪ್ಪುಕಾಗದವನ್ನು ಕುರ್ಚಿಯ ಕೈಗೆ ಉಜ್ಜಬೇಕು, ಮರದ ತುಂಡುಗಳು ಸೇರುವ ಕೂಡುಕಟ್ಟಿಗಲ್ಲ. ಕೂಡುಕಟ್ಟಿಗೆ ಉಜ್ಜಿದರೆ ಕುರ್ಚಿ ನುಣುಪಾಗುತ್ತದೆ, ಕೂತವನು ನೆಲಕ್ಕೆ ಬರುತ್ತಾನೆ. ಮಂಕ್‌ನ ಅಪಸ್ವರ ಅನ್ನಿಸಿಕೊಳ್ಳುವ ಸ್ವರಗಳು ಹೆಚ್ಚಿನ ಕಡೆ ಕೂಡುಕಟ್ಟುಗಳೇ.

ಗೊತ್ತಿಲ್ಲದವರಿಗೆ ಎರಡು ಮಾತು. 1917ರಲ್ಲಿ ನಾರ್ತ್ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದವನು. 1940ರ ದಶಕದ ಆರಂಭದಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಖಾಯಂ ಪಿಯಾನೋ ವಾದಕ. 1947ರಿಂದ ಬ್ಲೂ ನೋಟ್ ಕಂಪನಿಗೆ ತನ್ನ ಹೆಸರಿನಲ್ಲೇ ರೆಕಾರ್ಡಿಂಗ್. ಬೆರಳುಗಳನ್ನು ಬಾಗಿಸದೆ ಚಪ್ಪಟೆಯಾಗಿಟ್ಟು ನುಡಿಸುತ್ತಿದ್ದ. ಪಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತುವುದು, ನಾವು ನಿರೀಕ್ಷಿಸುವಲ್ಲಿ ಸುಮ್ಮನಾಗುವುದು, ನಿರೀಕ್ಷಿಸದಲ್ಲಿ ಗುದ್ದುವುದು ಅವನ ನುಡಿ. ಕೈ ತಪ್ಪಿ ಆದದ್ದಲ್ಲ. ಒಂದೇ ಕೃತಿಯ ಬೇರೆ ಬೇರೆ ವರ್ಷದ ಧ್ವನಿಮುದ್ರಣಗಳಲ್ಲಿ ಅದೇ ಗುದ್ದು ಅದೇ ಜಾಗದಲ್ಲಿ ಬರುವುದನ್ನು ಕೇಳಬಹುದು.

ಈಗ ಪಿಯಾನೋ ನಡುಭಾಗದ ‘ಇ’ ಮತ್ತು ‘ಎಫ್’ ಸ್ವರಗಳನ್ನು ತೆಗೆದುಕೊಳ್ಳಿ. ಅಕ್ಕಪಕ್ಕದ ಬಿಳಿ ಕೀಗಳು, ನಡುವೆ ಕಪ್ಪು ಕೀ ಇಲ್ಲ. ಒಂದು ಸುಮಾರು 330 ಹರ್ಟ್ಸ್, ಇನ್ನೊಂದು 349. ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಇಪ್ಪತ್ತರ ಹತ್ತಿರ ಸಲ ಧ್ವನಿ ಉಬ್ಬಿ ತಗ್ಗುತ್ತದೆ. ಕಿವಿ ಅದನ್ನು ಎಣಿಸಲಾರದು, ಒರಟು ಎಂದು ಗ್ರಹಿಸುತ್ತದೆ. ಈಗ ‘ಎಫ್’ ಅನ್ನು ಅಲ್ಲೇ ಬಿಟ್ಟು ‘ಇ’ಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯಿರಿ. ಅದೇ ಎರಡು ಸ್ವರ, ಆದರೆ ಒರಟು ಮಾಯ. ಮೇಜರ್ ಸೆವೆಂತ್ ಕಾರ್ಡ್‌ನ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಕೂಟ) ಆ ಸಂಜೆಯ ತಂಪು ಬಂದುಬಿಟ್ಟಿತು. ಲಾಬಿ ಸಂಗೀತದ ಕೈಚಳಕವೆಲ್ಲ ಇಲ್ಲಿದೆ. ಕೃತಿಯನ್ನು ಬೇರೆ ವಾದ್ಯಗಳಿಗೆ ಹೊಂದಿಸಿ ಬರೆಯುವ ಅರೇಂಜರ್ ಒಂದು ಸ್ವರವನ್ನೂ ಕದ್ದಿಲ್ಲ, ಸ್ವರ ಬರೆದ ಹಾಳೆ ತೋರಿಸಿದರೆ ಎಲ್ಲ ಸರಿಯಾಗಿಯೇ ಇದೆ. ಅಂತರ ಮಾತ್ರ ಬದಲಾಗಿದೆ. ಮಂಕ್ ಬರೆದದ್ದು ಸ್ವರಗಳನ್ನಲ್ಲ, ಆ ಅಂತರವನ್ನು ಎಂಬುದು ನನ್ನ ವಾದ.

ಅರೇಂಜರ್‌ಗಳು ಹೀಗೇಕೆ ಮಾಡುತ್ತಾರೆ? ಬಹುತೇಕ ವಾದ್ಯದ ಕಾರಣಕ್ಕೆ. ಪಿಯಾನೋದಲ್ಲಿ ಇ-ಎಫ್ ಒತ್ತಿದರೆ ಸುತ್ತಿಗೆ ತಾಗಿದ ಕ್ಷಣ ಕಚ್ಚುತ್ತದೆ, ಮರುಕ್ಷಣ ಕರಗಲು ತೊಡಗುತ್ತದೆ. ಅದೇ ಜೋಡಿಯನ್ನು ವಯೊಲಿನ್‌ಗಳಿಗೆ ಕೊಟ್ಟು ನಾಲ್ಕು ಪೆಟ್ಟು ಎಳೆಸಿದರೆ ಕಚ್ಚಿದ ಹಲ್ಲು ಬಿಡುವುದೇ ಇಲ್ಲ. ಕೇಳಲಾಗದು, ಹಾಗಾಗಿ ಬಿಡಿಸಿ ಹಾಕುತ್ತಾರೆ. ರೋಗ ಸರಿಯಾಗಿ ಹಿಡಿದು ಮದ್ದು ತಪ್ಪು ಕೊಟ್ಟಂತೆ. ಬದಲಿಸಬೇಕಾದದ್ದು ವಾದ್ಯ. ಆ ಜೋಡಿಯನ್ನು ಬಡಿಯುವ ಅಥವಾ ಮೀಟುವ ವಾದ್ಯಕ್ಕೆ ಕೊಡಿ, ವಯೊಲಿನ್‌ಗಳಿಗೆ ಕೆಳಗಿನ ಒಂಟಿ ಸ್ವರ ಬಿಡಿ. ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವೈಬ್ರಾಫೋನ್ ಚೆನ್ನಾಗಿ ಒಪ್ಪುತ್ತದೆ: ಧ್ವನಿ ನಡುಗಿಸುವ ಮೋಟರ್ ಆಫ್ ಮಾಡಿ, ಪೆಡಲ್ ಬೇಗ ಬಿಟ್ಟು, ಮೃದು ಕೋಲು ಹಿಡಿದರೆ ಸಾಕು. 1948ರ ಬ್ಲೂ ನೋಟ್ ಮುದ್ರಣಗಳಲ್ಲಿ ಮಿಲ್ಟ್ ಜಾಕ್ಸನ್‌ನ ವೈಬ್ರಾಫೋನ್ ಮಂಕ್‌ನ ಪಕ್ಕದಲ್ಲಿ ಹೇಗೆ ಕೂರುತ್ತದೆ ಎಂದು ಕೇಳಿ ನೋಡಿ. ಗಿಟಾರ್ ಆದರೆ ಮೊದಲ ತಂತಿಯನ್ನು ಖಾಲಿ ಬಿಟ್ಟು ಎರಡನೆಯ ತಂತಿಯ ಆರನೇ ಫ್ರೆಟ್ ಒತ್ತಿ. ಬರುವುದು ಇದೇ ಇ-ಎಫ್, ನೈಲಾನ್ ತಂತಿಯಲ್ಲಿ ಮಗು ಕಚ್ಚಿದಷ್ಟೇ ನೋವು.

ಪೆಡಲ್ ಮತ್ತು ಪ್ರತಿಧ್ವನಿಯದು ಇನ್ನೊಂದು ಕಥೆ. ಪಿಯಾನೋದಲ್ಲಿ ಗಮಕ ಇಲ್ಲ, ಸ್ವರವನ್ನು ಜಗ್ಗಲು ಬರುವುದಿಲ್ಲ. ಮಂಕ್ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ: ಎರಡು ಕೀ ಒಟ್ಟಿಗೆ ಒತ್ತಿ, ಒಂದನ್ನು ಬೇಗ ಬಿಟ್ಟು, ಇನ್ನೊಂದನ್ನು ಉಳಿಸುವುದು. ಕಿವಿಗೆ ಸ್ವರ ಜಾರಿದಂತೆ ಕೇಳುತ್ತದೆ. ಬಲಗಾಲಿನ ಪೆಡಲ್ ಒತ್ತಿಟ್ಟರೆ ಬಿಟ್ಟ ಸ್ವರವೂ ಗುಂಯ್‌ಗುಡುತ್ತ ಉಳಿಯುತ್ತದೆ, ಜಾರು ಸತ್ತಿತು, ಬರೀ ಕೊಳಕು ಉಳಿಯಿತು. ಮೂರು ಸೆಕೆಂಡಿನ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಿದರೂ ಆಗುವುದು ಅದೇ. ಆಮೇಲೆ ‘ಮಂಕ್ ಕರ್ಕಶ’ ಎಂದು ದೂರು. ರಿವರ್ಬ್ ಒಂದು ಸೆಕೆಂಡಿನ ಒಳಗಿರಲಿ. ಕಂಪ್ಯೂಟರಿನಲ್ಲಿ ಮಿಡಿ ಪಿಯಾನೋ ಬಳಸುವವರು ಜೋಡಿಯ ಒಂದು ಸ್ವರವನ್ನು 80ರಿಂದ 120 ಮಿಲಿಸೆಕೆಂಡಿಗೆ ಕತ್ತರಿಸಿ, ಅದರ ವೆಲಾಸಿಟಿಯನ್ನು (ಒತ್ತಿನ ಬಲದ ಅಂಕ) ಉಳಿಯುವ ಸ್ವರಕ್ಕಿಂತ 15-20 ಕಡಿಮೆ ಇಡಿ. ಕಚ್ಚು ಇರುತ್ತದೆ, ಗಾಯ ಇರುವುದಿಲ್ಲ.

ಅತಿ ಹೆಚ್ಚು ಕೆಡುವುದು ಎಡಗೈಯಲ್ಲಿ. ಮಂಕ್‌ನ ಎಡಗೈ ಬಹಳ ಕಡೆ ಎರಡೇ ಸ್ವರ: ಮೂಲ ಸ್ವರ ಮತ್ತು ಏಳನೆಯದು. ಖಾಲಿ ಖಾಲಿ ಅನ್ನಿಸುತ್ತದೆಂದು ಅರೇಂಜರ್ ಮೂರು, ಐದು, ಒಂಬತ್ತು, ಹದಿಮೂರು ಎಂದು ತುಂಬಿಸುತ್ತ ಹೋಗುತ್ತಾನೆ. ಮಂಕ್‌ಗೆ ಐದನೆಯ ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವುದು ಪ್ರೀತಿ. ‘ಸಿ’ ಕಾರ್ಡ್‌ನಲ್ಲಿ ಅವನದು ‘ಜಿ ಫ್ಲ್ಯಾಟ್’. ನಿಮ್ಮ ಕೀಬೋರ್ಡ್ ಪ್ಯಾಡ್‌ನ (ಹಿಂದೆ ಎಳೆದು ನಿಲ್ಲುವ ಹಾಸುಧ್ವನಿ) ರೆಡಿಮೇಡ್ ಕಾರ್ಡ್‌ನಲ್ಲಿ ಶುದ್ಧ ‘ಜಿ’ ಕೂತಿರುತ್ತದೆ, ಬೇಸ್ ವಾದಕನೂ ಅಭ್ಯಾಸಬಲದಿಂದ ‘ಜಿ’ಗೇ ನಡೆಯುತ್ತಾನೆ. ಮೆದು ಮಾಡಲು ಹೊರಟು ಮಂಕ್ ಕೂಡ ಇಡದ ಜಾಗದಲ್ಲಿ ಹೊಸ ಒರಟನ್ನು ತಂದು ಕೂರಿಸಿದ್ದಾಯಿತು! ಅದನ್ನು ಸರಿಪಡಿಸಲು ‘ಜಿ ಫ್ಲ್ಯಾಟ್’ ತೆಗೆಯುತ್ತಾರೆ, ತೆಗೆಯಬೇಕಾದದ್ದು ‘ಜಿ’. ಅವನು ಮೇಲಿಂದ ಕೆಳಕ್ಕೆ ಸುರಿಯುವ ಆ ಪೂರ್ಣ ಮೆಟ್ಟಿಲುಗಳ ಸ್ವರಸರಣಿಯೂ ಹೀಗೆಯೇ: ಆರು ಸ್ವರ, ಎಲ್ಲ ಸಮಾನ ಅಂತರ, ಪಂಚಮಕ್ಕೆ ಜಾಗವಿಲ್ಲ. ನಮ್ಮ ಗೋಪ್ರಿಯ ರಾಗದ ಸ್ವರಗಳನ್ನು ಪಿಯಾನೋದಲ್ಲಿ ಒತ್ತಿದರೆ ಸಿಗುವುದು ಅದೇ. ಗೋಪ್ರಿಯಕ್ಕೆ ಪಂಚಮ ಸೇರಿಸಿ ಹಿತ ಮಾಡುತ್ತೇನೆ ಎನ್ನುವವರಿಗೆ ಏನು ಹೇಳುತ್ತೀರೋ ಇಲ್ಲಿಯೂ ಅದನ್ನೇ ಹೇಳಿ.

ಲಯದ ವಿಷಯಕ್ಕೆ ಬಂದರೆ, ಕರ್ನಾಟಕ ಸಂಗೀತ ಕೇಳುವವರಿಗೆ ಅತೀತ, ಅನಾಗತ ಎತ್ತುಗಡೆಯ (ತಾಳದ ಸಮಕ್ಕೆ ಮುಂಚೆ ಇಲ್ಲವೇ ಆಮೇಲೆ ಹಾಡು ಎತ್ತಿಕೊಳ್ಳುವುದು) ರುಚಿ ಗೊತ್ತು. 1951ರಲ್ಲಿ ಮುದ್ರಣವಾದ ‘ಸ್ಟ್ರೇಟ್, ನೋ ಚೇಸರ್’ ಹನ್ನೆರಡು ಬಾರ್‌ಗಳ (ನಮ್ಮ ಆವರ್ತದಂಥ ಲಯದ ಅಳತೆ) ಬ್ಲೂಸ್, ಇಡೀ ಮಟ್ಟು ಒಂದೇ ಚಿಕ್ಕ ಸ್ವರಗುಚ್ಛ. ಆ ಗುಚ್ಛ ಒಮ್ಮೆ ಮೊಟಕಾಗಿ, ಒಮ್ಮೆ ಬಾಲ ಬೆಳೆಸಿಕೊಂಡು, ಬಾರ್‌ನ ಬೇರೆ ಬೇರೆ ಪೆಟ್ಟಿನ ಮೇಲೆ ಕಾಲಿಡುತ್ತದೆ. ಕೃತಿ ಎಂದರೆ ಅಷ್ಟೇ, ಬೇರೇನೂ ಇಲ್ಲ. ಡ್ರಮ್ ಲೂಪ್ ಹಾಕಿ, ಸ್ವರಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ನೂರಕ್ಕೆ ನೂರು ಒತ್ತಿ, ಗುಚ್ಛವನ್ನು ಪ್ರತಿಸಲವೂ ಸಮದ ಮೇಲೆ ತಂದು ನಿಲ್ಲಿಸಿದರೆ ಉಳಿಯುವುದು ಮೊಬೈಲ್ ರಿಂಗ್‌ಟೋನ್. ‘ಬ್ರಿಲಿಯಂಟ್ ಕಾರ್ನರ್ಸ್’ ಅಂತೂ ಎಂಟು, ಏಳು, ಏಳು ಬಾರ್‌ಗಳ 22ರ ಲೆಕ್ಕ. ನಾಲ್ಕರ ಲೂಪ್ ಅದಕ್ಕೆ ಹೊಂದುವುದೇ ಇಲ್ಲ. ಎರಡು ಬಾರ್ ಸೇರಿಸಿ 24 ಮಾಡೋಣ ಎಂಬ ಆಸೆ ಬಂದರೆ ಬೇರೆ ಕೃತಿ ಆರಿಸಿಕೊಳ್ಳಿ. 1956ರಲ್ಲಿ ಸ್ಯಾಕ್ಸೋಫೋನ್‌ನ ಸೋನಿ ರಾಲಿನ್ಸ್, ಡ್ರಮ್‌ನ ಮ್ಯಾಕ್ಸ್ ರೋಚ್‌ರಂಥವರು ಕೂತು ಪ್ರಯತ್ನಿಸಿದರೂ ಪೂರ್ತಿ ಒಂದು ಟೇಕ್ ಸಿಗಲಿಲ್ಲ, ಸುಮಾರು 25 ಅರ್ಧಂಬರ್ಧ ಟೇಕ್‌ಗಳ ಟೇಪ್ ಕತ್ತರಿಸಿ ಅಂಟಿಸಿದ್ದು.

ಮಂಕ್‌ನನ್ನು ಮೆದು ಮಾಡುವುದನ್ನು ದೊಡ್ಡ ದುಡ್ಡು ಹಾಕಿ ಮಾಡಿ ನೋಡಿದ ಉದಾಹರಣೆಗಳೂ ಇವೆ. 1959ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಹತ್ತು ಜನರ ತಂಡ, ಅರೇಂಜ್‌ಮೆಂಟ್ ಹಾಲ್ ಓವರ್ಟನ್‌ದು. ಫ್ರೆಂಚ್ ಹಾರ್ನ್, ಟ್ಯೂಬಾ ಇದ್ದವು. ಧ್ವನಿ ದುಂಡಗೆ, ಬೆಚ್ಚಗೆ. ಆದರೆ ಓವರ್ಟನ್ ಮಂಕ್‌ನ ಪಿಯಾನೋವನ್ನೇ ಬಿಡಿಸಿ ಊದುವವರಿಗೆ ಹಂಚಿದ. 1952ರ ‘ಲಿಟಲ್ ರೂಟೀ ಟೂಟೀ’ ಮುದ್ರಣದಲ್ಲಿ ಮಂಕ್ ನುಡಿಸಿದ ಸೋಲೋವನ್ನು ಇಡೀ ತಂಡ ಒಟ್ಟಾಗಿ ಊದುತ್ತದೆ, ರೈಲಿನ ಸೀಟಿಯಂಥ ಆ ಕರ್ಕಶ ಕಾರ್ಡ್‌ಗಳ ಸಮೇತ. ಮೆದು ಎಂದರೆ ಇದು.

ಇನ್ನೊಂದು 1968ರ ‘ಮಂಕ್ಸ್ ಬ್ಲೂಸ್’ ಆಲ್ಬಂ. ಕೊಲಂಬಿಯಾ ಕಂಪನಿ, ಆಲಿವರ್ ನೆಲ್ಸನ್‌ನ ದೊಡ್ಡ ಬ್ಯಾಂಡ್, ಟಿಯೋ ಮಸೇರೋ ನಿರ್ಮಾಣ. ಮಸೇರೋನ ಎರಡು ರಚನೆಗಳೂ ಸೇರಿಕೊಂಡವು. ನೆಲ್ಸನ್ ಸಾಮಾನ್ಯನಲ್ಲ, ಅವನ ಬ್ರಾಸ್ (ಹಿತ್ತಾಳೆಯ ಊದುವ ವಾದ್ಯಗಳ) ಬರವಣಿಗೆ ಇಸ್ತ್ರಿ ಹಾಕಿದ ಅಂಗಿಯಂತೆ. ತೊಂದರೆಯೂ ಅದೇ. ಮಂಕ್ ಸುಮ್ಮನಾದ ಕಡೆಯೆಲ್ಲ ಬ್ರಾಸ್ ಬಂದು ಕೂರುತ್ತದೆ. ಮಾತಿನ ನಡುವೆ ಯೋಚಿಸಲು ನಿಂತವನ ವಾಕ್ಯವನ್ನು ಪಕ್ಕದವನು ಪೂರ್ತಿ ಮಾಡುತ್ತ ಹೋದರೆ ಹೇಗೋ ಹಾಗೆ. ಅದು ಕೊಲಂಬಿಯಾದಲ್ಲಿ ಮಂಕ್‌ನ ಕೊನೆಯ ಸ್ಟುಡಿಯೋ ಆಲ್ಬಂ.

ಇವೆರಡಕ್ಕೂ ಮೊದಲೇ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಜಾಣ ದಾರಿ ಹಿಡಿದಿದ್ದ. 1955ರಲ್ಲಿ ರಿವರ್‌ಸೈಡ್ ಕಂಪನಿಗೆ ಮಂಕ್ ಬಂದಾಗ, ಜನ ಹೆದರದಿರಲಿ ಎಂದು ಮೊದಲು ಡ್ಯೂಕ್ ಎಲಿಂಗ್ಟನ್‌ನ ಪರಿಚಿತ ಹಾಡುಗಳನ್ನು ನುಡಿಸಲು ಅವನನ್ನು ಕೂರಿಸಿದ. ಹಾಡು ಹಿತ, ಕೈ ಮಂಕ್‌ನದೇ.

ಕೃತಿ ಆರಿಸುವಾಗ: ‘ಬ್ಲೂ ಮಂಕ್’, ‘ಮಿಸ್ಟೀರಿಯೋಸೋ’, ‘ರೂಬಿ, ಮೈ ಡಿಯರ್’ ಮೃದು ಕೈಗೆ ಬಗ್ಗುತ್ತವೆ. ಮೊದಲ ಎರಡು ಹನ್ನೆರಡು ಬಾರ್‌ನವು, ಹೆಜ್ಜೆ ನೇರ. ಮೂರನೆಯದು ನಿಧಾನದ್ದು, ಮಿನಿಟಿಗೆ 60 ಪೆಟ್ಟಿನ ಆಸುಪಾಸಿನಲ್ಲಿ ಇಟ್ಟರೂ ತಡೆದುಕೊಳ್ಳುತ್ತದೆ. ‘ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ’ಯನ್ನು ಮುಟ್ಟಬೇಡಿ. ಬರೆದವನೇ ಅದರ ಮೇಲೆ ಮನೋಧರ್ಮ ಮಾಡದೆ ಬರೆದ ಹಾಗೇ ನುಡಿಸುತ್ತಿದ್ದ.

ಹಾಳೆ ನಂಬಬೇಡಿ, ಮಂಕ್‌ನ ಧ್ವನಿಮುದ್ರಣದಿಂದಲೇ ಸ್ವರ ಎತ್ತಿ. ‘ವೆಲ್, ಯೂ ನೀಡಂಟ್’ನ ನಡುಭಾಗವನ್ನು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1954ರಲ್ಲಿ ಬದಲಿಸಿ ನುಡಿಸಿದ. ಮಂಕ್‌ನದು ‘ಡಿ ಫ್ಲ್ಯಾಟ್’ನಿಂದ ಏರಲು ತೊಡಗಿದರೆ ಅವನದು ‘ಜಿ’ಯಿಂದ. ಇಂದು ಕೈಯಿಂದ ಕೈಗೆ ಓಡಾಡುವ ಹಲವು ಹಾಳೆಗಳಲ್ಲಿರುವುದು ಮೈಲ್ಸ್‌ನ ಪಾಠ. ‘ರೌಂಡ್ ಮಿಡ್‌ನೈಟ್’ನ ಆರಂಭದ ಆ ಪ್ರಸಿದ್ಧ ಪೀಠಿಕೆಯೂ ಇನ್ನೊಬ್ಬ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯ ಸೇರ್ಪಡೆ. ಅವು ಚೆನ್ನಾಗಿಲ್ಲ ಎಂದಲ್ಲ, ಆಗಲೇ ಒಬ್ಬರು ಉಜ್ಜಿದ್ದರ ಮೇಲೆ ನೀವು ಮತ್ತೆ ಉಜ್ಜುತ್ತಿದ್ದೀರಿ ಎಂಬುದು ಗೊತ್ತಿರಲಿ.

ಹಾಗಾದರೆ ಎಲ್ಲಿ ಉಜ್ಜುವುದು? ಪಿಯಾನೋ ಸದ್ದಿನ 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿ, ಸುತ್ತಿಗೆಯ ಚೂಪು ಕಡಿಮೆಯಾಗುತ್ತದೆ. ಡ್ರಮ್‌ಗೆ ಕೋಲಿನ ಬದಲು ಬ್ರಷ್. ಟ್ರಂಪೆಟ್‌ಗೆ ಹಾರ್ಮನ್ ಮ್ಯೂಟ್ (ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಲೋಹದ ಬಿರಡೆ). 1956ರ ಮುದ್ರಣದಲ್ಲಿ ಮೈಲ್ಸ್ ‘ರೌಂಡ್ ಮಿಡ್‌ನೈಟ್’ಗೇ ಅದನ್ನು ಹಾಕಿ ನುಡಿಸಿದ್ದು. ವೇಗ ಹತ್ತು ಪೆಟ್ಟು ತಗ್ಗಿಸಿ. ಒಂದು ಸೋಲೋಗೆ ನಾಲ್ಕು ಸುತ್ತಿನ ಬದಲು ಒಂದೇ ಸುತ್ತು. ಖಾಲಿ ಬಿಟ್ಟ ಬಾರ್‌ಗಳಲ್ಲಿ ಬೇಸ್ ಮತ್ತು ಬ್ರಷ್ ಮಾತ್ರ ನಡೆಯಲಿ, ಪ್ಯಾಡ್ ಬೇಡ, ಗಾಳಿಗಂಟೆ ಅಂತೂ ಬೇಡವೇ ಬೇಡ.

ಮಿಕ್ಸ್ ಮುಗಿದ ಮೇಲೆ ವಾಲ್ಯೂಮ್ ಚೆನ್ನಾಗಿ ಇಳಿಸಿ, ಪಕ್ಕದ ಕೋಣೆಗೆ ಹೋಗಿ, ಮಿಕ್ಸಿಯೋ ಕುಕ್ಕರೋ ಓಡುತ್ತಿರುವಾಗ ಕೇಳಿ. ಇ-ಎಫ್ ಜೋಡಿ ಬಂದಾಗ ಕಿವಿ ಒಂದು ಸಲ ನಿಮಿರಬೇಕು. ನಿಮಿರದಿದ್ದರೆ ಹಿಂದಿರುಗಿ ಬಂದು ಮೊದಲು ರಿವರ್ಬ್ ಇಳಿಸಿ, ಆಮೇಲೆ ಪ್ಯಾಡ್ ತೆಗೆಯಿರಿ, ಕೊನೆಗೆ ಆ ‘ಇ’ಯನ್ನು ಯಾರು ಮೇಲಿನ ಸ್ಥಾಯಿಗೆ ಹತ್ತಿಸಿದರು ಎಂದು ಹುಡುಕಿ.